ಒಂದು ದಿನದ ಅಳತೆ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಣ ಸೀಮೆ ಹೊರಗಿನವರ ಕಣ್ಣಿಗೆ ಬರಿಯ ಬಯಲು. ತುಂಗಭದ್ರೆಯ ಕಾಲುವೆ ಹರಿದ ಕಡೆ ಭತ್ತ, ಹರಿಯದ ಕಡೆ ಜೋಳ, ಹತ್ತಿ, ತೊಗರಿ. ವಳಕಮದಿನ್ನಿಯಂಥ ಊರುಗಳ ಹೆಸರಿನಲ್ಲಿರುವ ‘ದಿನ್ನಿ’ ಎಂಬ ಮಾತಿಗೆ ನೆಲ ತುಸು ಎತ್ತರವಾದ ತಾಣವೆಂದು ಅರ್ಥ. ಇಷ್ಟು ಸಮತಟ್ಟಾದ ನಾಡಿನಲ್ಲಿ ಅಷ್ಟು ಎತ್ತರವೂ ಹೆಸರಿಗೆ ತಕ್ಕದ್ದೇ! ಆದರೆ ಈ ಬಯಲಿನಲ್ಲಿಯೇ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸ್ಪಷ್ಟವಾಗಿ ಕೊರೆದ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಈ ಬಯಲಿನ ಪಡುವಣ ಅಂಚಿನಲ್ಲಿ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಲ್ಲಿ, 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ನೆನಪು ಇನ್ನೂ ಉಳಿದಿದೆ.

ಅವರ ಕಥೆಯನ್ನು ಕನ್ನಡಿಗರು ಬಲ್ಲರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ದಿನವೂ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನು ಬೇಯಿಸಿ ಬಂದ ಜಂಗಮರಿಗೆ ಉಣಬಡಿಸುತ್ತಿದ್ದಳು. ಒಂದು ದಿನ ಆತನ ಉಡಿಯಲ್ಲಿ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಒಯ್ದು ಎಲ್ಲಿತ್ತೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆಕೆಯ ನಿರಾಶೆಯನ್ನು, ಎಂದರೆ ಆಸೆಯಿಲ್ಲದಿರುವಿಕೆಯನ್ನು, ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ಅಡುಗೆಮನೆಯನ್ನು ನಡೆಸಿದವರಿಗೆ ಇದರಲ್ಲಿ ಇನ್ನೊಂದು ಜಾಣತನವೂ ಕಾಣಬಹುದು. ಇಂದು ಎರಡು ದಿನದ ಅಕ್ಕಿ ಬಂದರೆ ನಾಳೆ ಆಯಲು ಹೋಗಬೇಕೆಂಬ ನಿಯಮ ಸಡಿಲವಾಗುತ್ತದೆ. ಸೇವೆಯನ್ನು ಒಂದು ದಿನದ ಅಳತೆಯಲ್ಲಿ ಇಟ್ಟುದರಿಂದಲೇ ಅದು ಮರುದಿನಕ್ಕೂ ಉಳಿಯಿತು.

ಕ್ರೈಸ್ತ ವೇದದಲ್ಲಿಯೂ ಇಂಥದೇ ಒಂದು ಪ್ರಸಂಗವುಂಟು. ಮೋಶೆಯ ಹಿಂದೆ ಅರಣ್ಯದಲ್ಲಿ ನಡೆದ ಇಸ್ರಾಯೇಲ್ಯರಿಗೆ ಪ್ರತಿ ಮುಂಜಾನೆ ಮನ್ನ ಎಂಬ ಆಹಾರ ನೆಲದ ಮೇಲೆ ದೊರೆಯುತ್ತಿತ್ತು. ತಲೆಗೆ ಒಂದು ಓಮೆರು, ಅಷ್ಟೇ ಅಳತೆ. ಮರುದಿನಕ್ಕೆಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು; ಏಕೆಂದರೆ ವಿಶ್ರಾಂತಿಯೂ ನಿಯಮದ ಒಂದು ಭಾಗ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ರೊಟ್ಟಿಯನ್ನು ಬೇಡುವುದು ಆ ಹೊತ್ತಿಗೆ ಮಾತ್ರ, ವರ್ಷದ ದವಸವನ್ನಲ್ಲ. ಲಕ್ಕಮ್ಮನಿಗೆ ಮೋಶೆಯ ಕಥೆ ತಿಳಿದಿರಲಾರದು. ಆದರೂ ಇಬ್ಬರ ಅಳತೆಯ ಸೇರು ಒಂದೇ ಆಗಿರುವುದು ಯೋಚಿಸತಕ್ಕ ಸಂಗತಿ.

ವಳಕಮದಿನ್ನಿಯಿಂದ ರಾಯಚೂರಿಗೆ ಬಂದು ನೆಲಸಿದ ಒಂದು ಕ್ರೈಸ್ತ ಮನೆತನವನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ತಂದೆ ಇಲ್ಲ; ತಾಯಿ, ಮಗಳು ಇಬ್ಬರೇ. ಮಗಳು ಶಾಲೆಯ ಉಪಾಧ್ಯಾಯಿನಿ. ಬೂದಿ ಬುಧವಾರದ ಆರಾಧನೆಯಿಂದ ಮರಳಿದ ರಾತ್ರಿ ಆಕೆ ಒಂದು ಹೊಸ ನೋಟುಪುಸ್ತಕ ತೆರೆದು ತನ್ನ ವ್ರತಗಳನ್ನು ಬರೆದಳು. ಬೆಳಗಿನ ನಾಲ್ಕಕ್ಕೆ ಏಳುವುದು, ಮೂರು ಅಧ್ಯಾಯ ಓದುವುದು, ಒಂದು ತಾಸು ಪ್ರಾರ್ಥನೆ, ಸಂಜೆ ಕೊಳೆಗೇರಿಯ ಮಕ್ಕಳಿಗೆ ಪಾಠ, ಶನಿವಾರ ಆಸ್ಪತ್ರೆಯ ರೋಗಿಗಳ ಭೇಟಿ, ಶುಕ್ರವಾರ ಉಪವಾಸ. ಮೊದಲ ಐದು ದಿನ ಎಲ್ಲವೂ ನಡೆಯಿತು. ಆರನೆಯ ದಿನ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದಿತು. ಎಂಟನೆಯ ದಿನ ನೆಗಡಿ. ಹತ್ತನೆಯ ದಿನ ನಾಲ್ಕರ ಗಂಟೆ ಬಡಿದುದು ಆಕೆಗೆ ಕೇಳಿಸಲಿಲ್ಲ. ಎರಡು ವಾರ ತುಂಬುವ ಹೊತ್ತಿಗೆ ನೋಟುಪುಸ್ತಕ ಉತ್ತರಪತ್ರಿಕೆಗಳ ಕೆಳಗೆ ಸೇರಿಹೋಗಿತ್ತು. ವ್ರತ ಕೆಟ್ಟುದಕ್ಕಿಂತ ಹೆಚ್ಚು ನೋವಾದುದು ಕೊಳೆಗೇರಿಯ ಮಕ್ಕಳನ್ನು ನೆನೆದಾಗ. ಐದು ದಿನ ಪಾಠ ಹೇಳಿದ ಟೀಚರು ಆರನೆಯ ದಿನದಿಂದ ಬಾರದಿದ್ದರೆ ಆ ಮಕ್ಕಳು ಏನು ತಿಳಿದಾರು? ಯಾರೂ ಬಾರದಿದ್ದ ಕೇರಿಯಲ್ಲಿ ನಿರಾಶೆ ಇರಲಿಲ್ಲ; ಬಂದು ಹೋದವರು ಅದನ್ನು ಅಲ್ಲಿ ಬಿಟ್ಟುಹೋದರು.

ಈ ಕೊನೆಯ ಮಾತನ್ನು ಸೇವೆಗೆ ಹೊರಡುವವರು ಬಹಳ ಕಡಿಮೆ ಯೋಚಿಸುತ್ತಾರೆ. ಪ್ರಾರ್ಥನೆ ತಪ್ಪಿದರೆ ಅದು ಭಕ್ತನಿಗೂ ದೇವರಿಗೂ ನಡುವಣ ಲೆಕ್ಕ. ಸೇವೆ ತಪ್ಪಿದರೆ ಅದರ ಬೆಲೆಯನ್ನು ಮೂರನೆಯವರು ತೆರುತ್ತಾರೆ. ಆದ್ದರಿಂದಲೇ ಪರರಿಗಾಗಿ ಬಾಳಬೇಕೆನ್ನುವವನಿಗೆ ಉತ್ಸಾಹಕ್ಕಿಂತ ಅಭ್ಯಾಸವೇ ಹೆಚ್ಚು ಬೇಕು.

ಆಕೆ ಹೋಗುವುದು ಮೆಥಡಿಸ್ಟ್ ಚರ್ಚಿಗೆ. ಹಿಂದಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಸೀಮೆಯಲ್ಲಿ, ರಾಯಚೂರು, ಬೀದರುಗಳ ಕಡೆ, ಅಮೆರಿಕದ ಮಿಷನರಿಗಳ ಮೂಲಕ ನೆಲೆಗೊಂಡ ಸಭೆ ಅದು. ಆ ಹೆಸರಿನ ಹುಟ್ಟನ್ನು ಅದರ ಸದಸ್ಯರೇ ಮರೆತಿರುವುದುಂಟು. 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ಮತ್ತು ಚಾರ್ಲ್ಸ್ ವೆಸ್ಲಿ ಎಂಬ ಸೋದರರೂ ಅವರ ಕೆಲವು ಗೆಳೆಯರೂ ಗೊತ್ತಾದ ಹೊತ್ತಿಗೆ ಕೂಡಿ ಓದುವುದು, ಪ್ರಾರ್ಥಿಸುವುದು, ಗೊತ್ತಾದ ದಿನ ಉಪವಾಸವಿರುವುದು ಎಂದು ನಿಯಮ ಮಾಡಿಕೊಂಡರು. ಇತರ ವಿದ್ಯಾರ್ಥಿಗಳಿಗೆ ಅದು ನಗೆಪಾಟಲು. ಎಲ್ಲಕ್ಕೂ ಒಂದು ‘ಮೆಥಡ್’ ಹಿಡಿದವರು, ಕ್ರಮದ ಹುಚ್ಚಿನವರು ಎಂದು ಅಣಕಿಸಿ ಇಟ್ಟ ಹೆಸರೇ ಮುಂದೆ ಒಂದು ಮಹಾಸಭೆಯ ಹೆಸರಾಯಿತು. ಆದರೆ ಆ ಕ್ರಮ ಕೋಣೆಯ ಒಳಗೆ ಮಾತ್ರ ಉಳಿದಿದ್ದರೆ ಇಂದು ಅದನ್ನು ಯಾರೂ ನೆನೆಯುತ್ತಿರಲಿಲ್ಲ. 1730ರಿಂದ ಅವರು ಆ ಊರಿನ ಸೆರೆಮನೆಗೆ ಹೋಗಲಾರಂಭಿಸಿದರು; ಮನ ಬಂದಾಗ ಅಲ್ಲ, ವಾರಕ್ಕೆ ಇಷ್ಟು ಬಾರಿ ಎಂಬ ಕಟ್ಟುಪಾಡಿನಿಂದ. ಸೆರೆಯಲ್ಲಿರುವವನಿಗೆ ದಿನಗಳನ್ನು ಎಣಿಸುವುದೇ ಉದ್ಯೋಗ. ಇಂಥ ದಿನ ಬರುತ್ತಾರೆಂಬ ಭರವಸೆ ಅವನಿಗೆ, ಬಂದಾಗ ಕೇಳುವ ಉಪದೇಶಕ್ಕಿಂತ ದೊಡ್ಡದು.

ನಮ್ಮ ನಾಡಿನಲ್ಲಿಯೇ ಇದರ ನಿದರ್ಶನ ಬೇಕಾದರೆ ರಾಯಚೂರಿನ ಬಯಲಿನಿಂದ ಕರಾವಳಿಗೆ ಇಳಿಯಬೇಕು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜೆಸುಯಿಟ್ ಪಾದ್ರಿಗಳಲ್ಲಿ ಜರ್ಮನಿಯ ಆಗಸ್ಟಸ್ ಮುಲ್ಲರ್ ಒಬ್ಬರು. ಅವರ ನೇಮಕವಾದುದು ಹೊಸದಾಗಿ ತೆರೆಯಲಿದ್ದ ಸಂತ ಅಲೋಶಿಯಸ್ ಕಾಲೇಜಿನ ಕೆಲಸಕ್ಕೆ. ಆದರೆ ಅವರ ಸಾಮಾನಿನಲ್ಲಿ ಒಂದು ಹೋಮಿಯೋಪತಿ ಔಷಧಿಯ ಪೆಟ್ಟಿಗೆಯಿತ್ತು. ಕಾಯಿಲೆಯಾದ ವಿದ್ಯಾರ್ಥಿಗಳಿಗೆ ಅದರಿಂದ ಒಂದೆರಡು ಗುಳಿಗೆ ಕೊಟ್ಟರು, ಅವರು ಮನೆಯವರನ್ನು ಕರೆತಂದರು, ಮನೆಯವರು ನೆರೆಯವರನ್ನು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಒಂದು ಹೋಮಿಯೋಪತಿ ಔಷಧಾಲಯ ಆರಂಭವಾಯಿತು. ದೂರದ ಊರುಗಳಿಗೆ ಅಂಚೆಯ ಮೂಲಕ ಔಷಧಿ ಕಳುಹಿಸಿ ಬಂದ ಹಣದಿಂದ ಹತ್ತಿರದ ಬಡವರ ಆರೈಕೆ ಸಾಗಿತು. ಹೋಮಿಯೋಪತಿಯ ಗುಣಾಗುಣಗಳ ಬಗ್ಗೆ ವೈದ್ಯಶಾಸ್ತ್ರದವರ ತಕರಾರು ಬಹಳವಿದೆ. ಅದು ಬೇರೆಯ ಚರ್ಚೆ. ಇಲ್ಲಿ ಗಮನಿಸಬೇಕಾದುದು ಗುಳಿಗೆಯನ್ನಲ್ಲ, ದಿನದಿನವೂ ತೆರೆಯುತ್ತಿದ್ದ ಬಾಗಿಲನ್ನು.

1890ರಲ್ಲಿ ಮುಲ್ಲರ್ ಅವರು ಅಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವನ್ನು ತೆರೆದರು. ಈ ಕೆಲಸದ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಕಾಲದಲ್ಲಿ ಕುಷ್ಠಕ್ಕೆ ನಿಜವಾದ ಮದ್ದು ಇರಲಿಲ್ಲ. ಸಲ್ಫೋನ್ ಔಷಧಿಗಳು ಬಳಕೆಗೆ ಬಂದುದು 1940ರ ದಶಕದಲ್ಲಿ. ಇಂದು ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯಿಂದ ರೋಗ ಪೂರ್ಣವಾಗಿ ವಾಸಿಯಾಗುತ್ತದೆ. ಅಂದು ಹಾಗಲ್ಲ. ಈ ರೋಗದಲ್ಲಿ ನರಗಳು ಕೆಟ್ಟು ಕೈಕಾಲುಗಳ ಸ್ಪರ್ಶಜ್ಞಾನ ಹೋಗುತ್ತದೆ. ಬಿಸಿ ಪಾತ್ರೆ ಹಿಡಿದರೆ ಸುಟ್ಟುದು ತಿಳಿಯದು. ಮುಳ್ಳು ತುಳಿದರೆ ಚುಚ್ಚಿದುದು ತಿಳಿಯದು. ನೋವು ಎಂಬ ಕಾವಲುಗಾರ ಓಡಿಹೋದ ಮನೆ ಅದು. ಹೀಗಾಗಿ ಗಾಯದ ಮೇಲೆ ಗಾಯ. ಆರೈಕೆ ಮಾಡುವವರು ಮಾಡಬಹುದಾದುದು ಇಷ್ಟೇ: ಗಾಯವನ್ನು ತೊಳೆಯುವುದು, ಹೊಸ ಬಟ್ಟೆ ಕಟ್ಟುವುದು, ಮತ್ತೆ ಬಂದು ಬಿಚ್ಚಿ ತೊಳೆಯುವುದು. ನಾಳೆ ವಾಸಿಯಾದೀತೆಂಬ ಹುರುಪು ಇಲ್ಲ. ಊರವರು ಕೈಮುಗಿಯುವಂಥ ಪವಾಡವೂ ಇಲ್ಲ.

ಇಂಥಲ್ಲಿ ಉತ್ಸಾಹ ಎಷ್ಟು ದಿನ ತಾನೆ ನಿಂತೀತು? ನಿಲ್ಲುವುದು ಹೊತ್ತಿನ ಕಟ್ಟಳೆ ಒಂದೇ. ರೋಗ ವಾಸಿಯಾಗುವ ಈ ಕಾಲದಲ್ಲಿಯೂ, ಒಮ್ಮೆ ಜಡ್ಡುಗಟ್ಟಿದ ಕೈಕಾಲಿನವರಿಗೆ ವೈದ್ಯರು ಕೊಡುವ ಮುಖ್ಯ ಸಲಹೆ ದಿನಚರಿಯೇ. ಪ್ರತಿದಿನ ಅಂಗಾಲನ್ನು ಕಣ್ಣಾರೆ ನೋಡಬೇಕು, ನೀರಿನಲ್ಲಿ ನೆನೆಸಬೇಕು, ಗಟ್ಟಿಯಾದ ಚರ್ಮವನ್ನು ಉಜ್ಜಿ ತೆಗೆಯಬೇಕು, ಎಣ್ಣೆ ಸವರಬೇಕು. ಹೋದ ಸ್ಪರ್ಶದ ಕೆಲಸವನ್ನು ಅಭ್ಯಾಸ ಮಾಡುತ್ತದೆ. ಈ ಮಾತು ಭಕ್ತಿಗೂ ಸಲ್ಲುವಂತೆ ತೋರುತ್ತದೆ. ದೇವರ ಸಾನ್ನಿಧ್ಯ ಮನಸ್ಸಿಗೆ ಏನೂ ತಟ್ಟದ ದಿನಗಳು ಸಂತರಿಗೂ ಬಂದಿವೆ. ಆ ದಿನಗಳಲ್ಲಿ ಅವರನ್ನು ಕಾದುದು ಕಣ್ಣೀರಲ್ಲ, ಗಂಟೆ ಬಡಿದಾಗ ಎದ್ದು ಹೋಗುವ ಕಾಲು. ಮುಲ್ಲರ್ ಅವರು 1910ರಲ್ಲಿ ತೀರಿಕೊಂಡರು. ಪೆಟ್ಟಿಗೆಯೊಂದರಿಂದ ಮೊದಲಾದ ಆ ಕೆಲಸ ಅವರ ಹೆಸರಿನ ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಕಂಕನಾಡಿಯಲ್ಲಿ ನಿಂತಿದೆ.

ಅದೇ ಮಂಗಳೂರಿನ ಇನ್ನೊಬ್ಬ ಕ್ರೈಸ್ತನನ್ನು ಕನ್ನಡಿಗರು ಮರೆಯುವಂತಿಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದುದು 1894ರಲ್ಲಿ. ನಡುವೆ 41 ವರ್ಷ! ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ಯಾರೂ ಸ್ಫೂರ್ತಿಯ ಅಲೆಯಲ್ಲಿ ಬರೆಯಲಾರರು. ಒಂದು ಶಬ್ದ, ಅದರ ಅರ್ಥ, ಅದಕ್ಕೊಂದು ಪ್ರಯೋಗ, ಸಿಕ್ಕಿದರೆ ಒಂದು ಗಾದೆ. ಮತ್ತೆ ಮುಂದಿನ ಶಬ್ದ. ನಿಘಂಟು ಬರೆಯುವುದು ಸೇವೆಯೇ ಎಂದು ಕೇಳುವವರಿಗೆ ಯಾವುದೇ ಕನ್ನಡ ಅಧ್ಯಾಪಕನ ಮೇಜಿನ ಮೇಲಿರುವ, ಬೆನ್ನು ಕಳಚಿದ ಕಿಟ್ಟೆಲ್ ಕೋಶವನ್ನು ತೋರಿಸಿದರೆ ಸಾಕು.

ಇನ್ನು ಅಭ್ಯಾಸವನ್ನು ಕಟ್ಟುವ ಬಗೆ. ಮುಲ್ಲರ್ ಸೇರಿದ್ದ ಜೆಸುಯಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ 1548ರಲ್ಲಿ ಅಚ್ಚಾದ ತನ್ನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಒಂದು ಉಪಾಯ ಹೇಳುತ್ತಾನೆ. ಅದು ಎಷ್ಟು ಸರಳವೆಂದರೆ ಕಿರಾಣಿ ಅಂಗಡಿಯ ಲೆಕ್ಕದಂತಿದೆ. ತಿದ್ದಿಕೊಳ್ಳಬೇಕಾದ ದೋಷ ಒಂದೇ ಒಂದನ್ನು ಆರಿಸಿಕೊಳ್ಳುವುದು. ಬೆಳಗ್ಗೆ ಎದ್ದಾಗ ಅದನ್ನು ನೆನೆಯುವುದು. ದಿನಕ್ಕೆ ಎರಡು ಗೆರೆ ಎಳೆದು ಮಧ್ಯಾಹ್ನದ ಊಟದ ನಂತರ ಒಂದು ಗೆರೆಯಲ್ಲಿ, ರಾತ್ರಿಯ ಊಟದ ನಂತರ ಇನ್ನೊಂದರಲ್ಲಿ, ಎಷ್ಟು ಬಾರಿ ತಪ್ಪಿದೆನೋ ಅಷ್ಟು ಚುಕ್ಕೆ ಇಡುವುದು. ಬಳಿಕ ಗೆರೆಯೊಡನೆ ಗೆರೆ, ದಿನದೊಡನೆ ದಿನ, ವಾರದೊಡನೆ ವಾರವನ್ನು ಹೋಲಿಸುವುದು. ಇದರಲ್ಲಿ ಎರಡು ವಿವೇಕಗಳಿವೆ. ಒಂದು, ಎಲ್ಲ ದೋಷಗಳ ಮೇಲೆ ಒಮ್ಮೆಗೇ ದಂಡೆತ್ತಿ ಹೋಗುವಂತಿಲ್ಲ. ಇನ್ನೊಂದು, ಚುಕ್ಕೆ ಬಿದ್ದೇ ಬೀಳುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರುವುದು. ನಮ್ಮ ಉಪಾಧ್ಯಾಯಿನಿಯ ನೋಟುಪುಸ್ತಕದಲ್ಲಿ ವ್ರತಗಳಿಗೆ ಜಾಗವಿತ್ತು, ಚುಕ್ಕೆಗೆ ಜಾಗವಿರಲಿಲ್ಲ. ಒಂದು ದಿನ ತಪ್ಪಿದೊಡನೆ ಇಡೀ ಪುಸ್ತಕವೇ ತಪ್ಪಿಹೋಯಿತು.

ಆದರೆ ಕ್ರಮಕ್ಕೂ ಒಂದು ರೋಗವುಂಟು. ತನ್ನ ಹೊತ್ತು, ತನ್ನ ಜಪ, ತನ್ನ ಮಡಿ ಎಂದು ಕಲ್ಲಾಗಿ ಕುಳಿತವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅತ್ತೆಯ ಪ್ರಾರ್ಥನೆ ಮುಗಿಯುವವರೆಗೆ ಜ್ವರದ ಸೊಸೆ ನೀರಿಗಾಗಿ ಕಾಯಬೇಕಾದ ಮನೆಗಳನ್ನು ಓದುಗರು ಕಂಡಿರಬಹುದು. 6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಹಗಲಿರುಳಿನ ಹೊತ್ತುಹೊತ್ತಿಗೂ ಕಟ್ಟಳೆಯಿದೆ. ಇಷ್ಟು ಕಟ್ಟುನಿಟ್ಟಿನ ದಿನಚರಿ ಅಪರೂಪ. ಆದರೆ ಅದೇ ಪುಸ್ತಕ ಅತಿಥಿಯ ವಿಷಯಕ್ಕೆ ಬಂದಾಗ ಮೆತ್ತಗಾಗುತ್ತದೆ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಎದುರುಗೊಳ್ಳಬೇಕು. ಅವನಿಗಾಗಿ ಮಠದ ಹಿರಿಯನು ತನ್ನ ಉಪವಾಸವನ್ನೂ ಮುರಿಯಬಹುದು. ಬಾಗಿಲು ಕಾಯಲು ವಿವೇಕಿಯಾದ ಒಬ್ಬ ಮುದುಕನನ್ನು ಇಡಬೇಕು. ಯಾರಾದರೂ ತಟ್ಟಿದ ಕೂಡಲೆ, ಬಡವನೊಬ್ಬ ಕೂಗಿದ ಕೂಡಲೆ, ಅವನು ದೇವರಿಗೆ ವಂದನೆ ಹೇಳಿ ಉತ್ತರ ಕೊಡಬೇಕು. ಯಾರಪ್ಪ ಈ ಹೊತ್ತಿನಲ್ಲಿ ಎಂದು ಗೊಣಗುವುದಲ್ಲ, ವಂದನೆ!

ಯೇಸುವಿನ ಬಾಳಿನಲ್ಲಿಯೇ ಈ ಎರಡರ ಎಳೆದಾಟ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕಾಣುತ್ತದೆ. ಕಪೆರ್ನೌಮಿನಲ್ಲಿ ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತು ತಂದು ಬಾಗಿಲಲ್ಲಿ ನೆರೆಯಿತು. ಮರುದಿನ ಇನ್ನೂ ಕತ್ತಲಿರುವಾಗಲೇ ಆತನು ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನು. ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಅರಸುತ್ತಿದ್ದಾರೆ ಎಂದರು. ಆತನು ಎದ್ದನು, ಆದರೆ ಕಾದಿದ್ದ ಊರಿಗೆ ಮರಳದೆ ಮುಂದಿನ ಊರುಗಳಿಗೆ ನಡೆದನು. ಏಕಾಂತದಲ್ಲಿ ಕಳೆದ ಹೊತ್ತಿನಿಂದಲೇ ಯಾವ ಕರೆಗೆ ಓಗೊಡಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವು ಬಂದಿತೋ ಏನೋ.

ಮತ್ತೆ ರಾಯಚೂರಿನ ಆ ಮನೆಗೆ. ಮುಖ ಬಾಡಿಸಿಕೊಂಡು ಕುಳಿತ ಮಗಳು ಒಂದು ಸಂಜೆ ಒಲೆಯ ಮುಂದಿದ್ದ ತಾಯಿಯನ್ನು ನೋಡಿದಳು. ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿ ಹೆಂಚಿನಿಂದ ಇಳಿದೊಡನೆ ಅದರ ಮೇಲೆ ಒಂದಿಷ್ಟು ಪಲ್ಯ ಇಟ್ಟು, ಬಟ್ಟೆ ಮುಚ್ಚಿ, ಪಕ್ಕದ ಮನೆಯ ಒಂಟಿ ಮುದುಕಿಗೆ ಕೊಟ್ಟು ಬಂದಳು. ಮಗಳು ಚಿಕ್ಕವಳಿದ್ದಾಗಿನಿಂದ ಇದನ್ನು ಕಂಡಿದ್ದಳು, ಕಂಡೂ ಕಂಡಿರಲಿಲ್ಲ.

“ಯವ್ವಾ, ಎಷ್ಟು ವರ್ಷ ಆತು ನೀ ಹಿಂಗ ಕೊಡಾಕ ಹತ್ತಿ?”

“ಯಾರಿಗ್ಗೊತ್ತವಾ. ನಿಮ್ಮಪ್ಪ ಇದ್ದಾಗಿಂದ.”

“ಒಂದಿನಾನೂ ತಪ್ಪಿಲ್ಲೇನು?”

“ತಪ್ಪದ ಏನು! ಜ್ವರ ಬಂದು ಮಲಗಿದಾಗ ತಪ್ಪೇತಿ, ಊರಿಗೆ ಹೋದಾಗ ತಪ್ಪೇತಿ. ಮರುದಿನ ಮತ್ತ ಹಿಟ್ಟು ಕಲಸ್ತೀವಲ್ಲ, ಮೊದಲನೇ ರೊಟ್ಟಿ ಆಕಿದು. ಇದರಾಗೇನೈತಿ ಕೇಳಾಕ?”

ಆ ತಾಯಿಗೆ ಲೊಯೋಲನ ಚುಕ್ಕೆಗಳೂ ಗೊತ್ತಿಲ್ಲ, ವೆಸ್ಲಿಯ ಕಟ್ಟುಪಾಡೂ ಗೊತ್ತಿಲ್ಲ. ಆದರೆ ಅಭ್ಯಾಸದ ಗುಟ್ಟೆಲ್ಲ ಆ ಹೆಂಚಿನ ಮೇಲಿತ್ತು. ಹೇಗೂ ಮಾಡಲೇಬೇಕಾದ ಒಂದು ಕೆಲಸಕ್ಕೆ ಸೇವೆಯನ್ನು ಗಂಟುಹಾಕಿದ್ದಳು. ಒಲೆ ಹೊತ್ತಿಸಿದರೆ ಮುದುಕಿಯ ನೆನಪು ತಾನಾಗಿ ಬರುತ್ತಿತ್ತು. ಅಳತೆ ಒಂದೇ ರೊಟ್ಟಿ, ಬಡತನದ ದಿನವೂ ಮಿಕ್ಕುವಷ್ಟು. ಕೊಟ್ಟುದು ‘ಬಡವರಿಗೆ’ ಅಲ್ಲ, ಹೆಸರಿರುವ ಒಬ್ಬ ಮುದುಕಿಗೆ. ಉಳಿದ ರೊಟ್ಟಿಯನ್ನಲ್ಲ, ಮೊದಲನೆಯದನ್ನು.

ಮಗಳು ನೋಟುಪುಸ್ತಕದಲ್ಲಿ ಹೊಸ ಹಾಳೆ ತೆರೆದಳು. ಆರು ವ್ರತಗಳ ಬದಲು ಎರಡೇ ಸಾಲು ಬರೆದಳು. ಬೆಳಗ್ಗೆ ಚಹದ ನೀರು ಕುದಿಯುವಷ್ಟು ಹೊತ್ತು ಒಂದು ಕೀರ್ತನೆ ಓದಿ ಪ್ರಾರ್ಥನೆ. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಕೊಳೆಗೇರಿಯ ಆ ಮಕ್ಕಳಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ ಒಬ್ಬ ಹುಡುಗನಿಗೆ ಕನ್ನಡ ಪುಸ್ತಕದ ಒಂದು ಪುಟ. ಮೊದಲ ದಿನ ಅವನನ್ನು ಕರೆಯಲು ಹೋದಾಗ ಹುಡುಗನ ತಾಯಿ ಮುಖ ಕೊಟ್ಟು ಮಾತನಾಡಲಿಲ್ಲ, ಅದಕ್ಕೆ ಕಾರಣವಿತ್ತು. ಎರಡನೆಯ ವಾರ ಹುಡುಗ ತಾನೇ ಬರತೊಡಗಿದ. ಒತ್ತಕ್ಷರಗಳು ಅವನಿಗೆ ಬಲು ತೊಡಕು; ‘ಕಷ್ಟ’ ಎಂಬ ಮಾತನ್ನು ಓದಲು ಮೂರು ದಿನ ಹಿಡಿಯಿತು. ನಡುವೆ ನಾಲ್ಕು ಚುಕ್ಕೆಗಳೂ ಬಿದ್ದವು: ಎರಡು ಅವಳವು, ಎರಡು ಅವನವು.

ಜೂನ್ ತಿಂಗಳ ಒಂದು ಸಂಜೆ ಗಾಳಿಯೊಡನೆ ದೊಡ್ಡ ಮಳೆ ಹಿಡಿಯಿತು, ವಿದ್ಯುತ್ತು ಹೋಯಿತು. ತಲೆನೋವೆಂದು ಮಲಗಿದ್ದ ಉಪಾಧ್ಯಾಯಿನಿಗೆ ಇಂದು ಪಾಠವಿಲ್ಲವೆಂದು ಒಳಗೊಳಗೇ ಸಮಾಧಾನವಾಗಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತಾಯಿ ಹೋಗಿ ತೆರೆದಳು. ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ಹೊದ್ದ ಹುಡುಗ ನಿಂತಿದ್ದ. ಮೈಯೆಲ್ಲ ನೆನೆದಿತ್ತು, ಅಂಗಿಯ ಒಳಗೆ, ಎದೆಗೆ ಅವುಚಿಕೊಂಡಿದ್ದ ಪುಸ್ತಕ ಮಾತ್ರ ಒಣಗಿತ್ತು.

“ಟೀಚರ್ ಅದಾರೇನ್ರಿ?” ಎಂದು ಕೇಳಿದ.

ತಾಯಿ ಕಂದೀಲು ಹಚ್ಚಲು ಒಳಗೆ ಹೋದಳು.